ಇದ್ದಿಲು ಬಸ್ಸಿನ ಸಾಬರು ಮತ್ತು ಮೋತಿಯ ಹೊಟ್ಟೆ

ಮೊದಲೇ ಹೇಳಿಬಿಡುತ್ತೇನೆ, ನೀವು ಇದನ್ನು ನಂಬುವುದಿಲ್ಲ. ಮಂಡ್ಯದ ನಮ್ಮ ಹೈಸ್ಕೂಲಿನಲ್ಲಿ ಇದುವರೆಗೆ ಒಬ್ಬನೂ ನಂಬಿಲ್ಲ. ಆದರೆ ನಾನು ಹೇಳಲು ಶುರು ಮಾಡಿದ ಮೇಲೆ ನಡುವೆ ಎದ್ದು ಹೋದವನೂ ಒಬ್ಬನಿಲ್ಲ. ಮದ್ದೂರಿನ ನಮ್ಮ ಹುಲ್ಲಿನ ಕೊಟ್ಟಿಗೆಯಿಂದ ದಿನವೂ ಹಗಲೆಲ್ಲ ಮಂಡ್ಯಕ್ಕೆ ಬಸ್ಸು ಹೊರಡುತ್ತಿತ್ತು ಎಂದರೆ ನೀವೂ ನಗುತ್ತೀರಿ. ನಗಿ. ಆ ಬಸ್ಸಿಗೆ ಡ್ರೈವರು ನಾನೇ, ಕಂಡಕ್ಟರೂ ನಾನೇ, ಪ್ಯಾಸೆಂಜರು ಮಾತ್ರ ಒಂದು ಮುದಿ ನಾಯಿ.

ಆದರೆ ನಾನು ಹೇಳಬೇಕೆಂದಿರುವುದು ನನ್ನ ವಿಷಯವಲ್ಲ, ನಾಯಿಯ ಯಜಮಾನರದು. ಅವರು ಇದ್ದಿಲು ಬಸ್ಸಿನ ಡ್ರೈವರು. ಹೆಸರು ಬೇಡ. ಊರಿನಲ್ಲಿ ಎಲ್ಲರೂ ಸಾಬರು ಎನ್ನುತ್ತಿದ್ದರು, ಮದ್ದೂರಿನಲ್ಲಿ ಸಾಬರು ನೂರಾರು ಮಂದಿ ಇದ್ದರೂ ಹಾಗೆಂದರೆ ಇವರೊಬ್ಬರೇ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಯುದ್ಧ ಮುಗಿದು ಪೆಟ್ರೋಲು ಮತ್ತೆ ಸಿಗಲು ಶುರುವಾದಾಗ ಬಸ್ಸಿನ ಹಿಂದಿನ ಇದ್ದಿಲಿನ ಪೀಪಾಯಿಯನ್ನು ಬಿಚ್ಚಿ ಎಸೆದರು. ಮಾರನೆಯ ದಿನವೇ ಸಾಬರು ಕೆಲಸ ಬಿಟ್ಟರು. "ಪೆಟ್ರೋಲ್ ಗಾಡಿ ಓಡ್ಸಕ್ಕೆ ಡ್ರೈವರ್ ಯಾಕಪ್ಪ, ಯಾರ್ ಬೇಕಾದ್ರೂ ಓಡುಸ್ತಾರೆ" ಎಂದು ಕಿರುಗಾವಲಿನ ಮಗಳ ಮನೆಗೆ ಹೊರಟುಹೋದರು. ಅವರು ಹೋದ ಮೇಲೆ ಬಸ್ಸು ಸರಿಯಾದ ಹೊತ್ತಿಗೆ ಬರುತ್ತದೆ, ಸರಿಯಾದ ಹೊತ್ತಿಗೆ ಹೋಗುತ್ತದೆ. ಅದರಲ್ಲಿ ಕೂತರೆ ನಿದ್ದೆ ಬರುತ್ತದೆ.

ಇದ್ದಿಲು ಬಸ್ಸನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಯುದ್ಧದ ಕಾಲದಲ್ಲಿ ಪೆಟ್ರೋಲು ಸೈನ್ಯಕ್ಕೆ ಹೋಗುತ್ತಿತ್ತು, ನಮಗೆ ಹೊಗೆ ಉಳಿದಿತ್ತು. ಬಸ್ಸಿನ ಹಿಂಬದಿಗೆ ನೀರೊಲೆಯ ಹಂಡೆಯಷ್ಟು ದಪ್ಪ, ತೆಂಗಿನ ಮರದಷ್ಟು ಎತ್ತರದ ಒಂದು ಕಬ್ಬಿಣದ ಪೀಪಾಯಿ ಕಟ್ಟಿದ್ದರು. ತೆಂಗಿನ ಮರ ಎಂದದ್ದು ಸ್ವಲ್ಪ ಹೆಚ್ಚಾಯಿತು, ಬಾಳೆಗಿಡ ಎಂದಿಟ್ಟುಕೊಳ್ಳಿ. ಅದರಲ್ಲಿ ಇದ್ದಿಲು ತುಂಬಿ ಬೆಂಕಿ ಹಾಕಿ, ಪಕ್ಕದ ಬೀಸಣಿಗೆಯ ಹಿಡಿಯನ್ನು ತೋಳು ಬೀಳುವವರೆಗೆ ತಿರುಗಿಸಬೇಕು. ಆಗ ಒಳಗಿನಿಂದ ಗ್ಯಾಸು ಬಂದು ಇಂಜಿನ್ನು ಕೆಮ್ಮುತ್ತದೆ, ಸೀನುತ್ತದೆ, ಮನಸ್ಸಿದ್ದರೆ ಹೊರಡುತ್ತದೆ. ಬೆಳಿಗ್ಗೆ ಮದ್ದೂರಿನಿಂದ ಮಂಡ್ಯ, ಮಧ್ಯಾಹ್ನ ಮಂಡ್ಯದಿಂದ ಮಳವಳ್ಳಿ, ಸಂಜೆ ಮತ್ತೆ ಮದ್ದೂರು. ಬೆಳಗಿನ ಬೀಸಣಿಗೆ ತಿರುಗಿಸುವುದು ನನ್ನ ಕೆಲಸವಾಗಿತ್ತು. ಅದಕ್ಕಾಗಿ ನನಗೆ ಸ್ಕೂಲಿಗೆ ಬಿಟ್ಟಿ ಪ್ರಯಾಣ. ಅಂದರೆ ಮಂಡ್ಯ ಜಿಲ್ಲೆಯ ಅರ್ಧ ವ್ಯವಹಾರ ನನ್ನ ಬಲಗೈಯಿಂದ ನಡೆಯುತ್ತಿತ್ತು ಎಂದು ನೀವು ತಿಳಿದುಕೊಂಡರೆ ನಾನು ಬೇಡ ಎನ್ನುವುದಿಲ್ಲ.

ಸಾಬರ ಗಡ್ಡ ಶುಕ್ರವಾರ ಬೆಳ್ಳಗಿರುತ್ತಿತ್ತು, ಶನಿವಾರ ಬೂದು, ಗುರುವಾರದ ಹೊತ್ತಿಗೆ ನನ್ನ ಕೂದಲಿಗಿಂತ ಕಪ್ಪು. ಗಡ್ಡ ನೋಡಿಯೇ ನಾವು ವಾರ ಹೇಳುತ್ತಿದ್ದೆವು. ದಿನಕ್ಕೆ ಐದು ಸಲ ಕೈಕಾಲು ತೊಳೆದು ನಮಾಜು ಮಾಡುವ ಮನುಷ್ಯ, ಆದರೂ ಅಂಗೈ ಗೆರೆಗಳಲ್ಲಿ ಇದ್ದಿಲು ಹಾಗೆಯೇ ಕೂತಿರುತ್ತಿತ್ತು. ಅವರಿಗೆ ಸಿಟ್ಟು ಬಂದರೆ ಬೈಯುತ್ತಿರಲಿಲ್ಲ. ಬಸ್ಸು ನಿಲ್ಲಿಸಿ, ಕೆಳಗಿಳಿದು, ಹತ್ತಿರದ ಮೈಲಿಗಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತುಬಿಡುತ್ತಿದ್ದರು. ಒಳಗಿದ್ದವರು ಜಗಳ ನಿಲ್ಲಿಸಿ, ಒಬ್ಬರನ್ನು ರಾಯಭಾರಕ್ಕೆ ಕಳಿಸಬೇಕು.

"ಬನ್ನಿ ಸಾಬ್ರೇ, ಇಬ್ರೂ ಸುಮ್ಕಾದ್ರು."

"ಆ ಬೀಡಿ ಸೇದೋನು ಸೀಟ್ ಬುಟ್ಕೊಟ್ನಾ ಆಯಮ್ಮಂಗೆ?"

"ಕೊಟ್ಟ."

"ಮನಸಾರೆ ಕೊಟ್ನಾ?"

ಮನಸಾರೆ ಕೊಟ್ಟ ಎಂದು ಖಾತ್ರಿಯಾಗುವವರೆಗೆ ಏಳುತ್ತಿರಲಿಲ್ಲ.

ಅವರ ಎದುರಿಗೊಂದು ಕನ್ನಡಿ ಇತ್ತು. ಬೇರೆ ಡ್ರೈವರುಗಳು ಹಿಂದೆ ಬರುವ ಗಾಡಿಯನ್ನು ನೋಡಲು ಕನ್ನಡಿ ಇಟ್ಟುಕೊಳ್ಳುತ್ತಾರೆ. ಇವರು ಮೋತಿಯನ್ನು ನೋಡಲು ಇಟ್ಟುಕೊಂಡಿದ್ದರು. ಮೋತಿ ಎಂದರೆ ಮುತ್ತು. ಮರಿಯಾಗಿದ್ದಾಗ ಬೆಳ್ಳಗಿತ್ತಂತೆ. ನಾನು ನೋಡುವ ಹೊತ್ತಿಗೆ ಅದರ ಮೂಲ ಬಣ್ಣ ಸಾಬರಿಗೊಬ್ಬರಿಗೇ ನೆನಪಿತ್ತು. ಮನೆಯೊಳಗೆ ನಮಾಜಿನ ಜಾಗ ಇದ್ದುದರಿಂದ ನಾಯಿ ಹೊಸಲು ದಾಟುವಂತಿರಲಿಲ್ಲ, ಹಾಗಾಗಿ ಅದು ಬಸ್ಸಿನಲ್ಲೇ ಹುಟ್ಟಿದಂತೆ ಬಸ್ಸಿನಲ್ಲೇ ಬೆಳೆದಿತ್ತು. ಡ್ರೈವರ್ ಸೀಟಿನ ಹಿಂದೆ, ಇದ್ದಿಲು ಮೂಟೆಗಳ ಪಕ್ಕ, ಅದರ ಖಾಯಂ ಜಾಗ. ಇದ್ದಿಲು ನೆಕ್ಕುವುದು ಅದರ ಖಾಯಂ ಅಭ್ಯಾಸ.

ಇಬ್ಬರಿಗೂ ವಯಸ್ಸಾಗಿತ್ತು. ಸಾಬರಿಗೆ ಸೊಂಟ, ಮೋತಿಗೆ ಹಿಂಗಾಲು. ಸೀಟಿನಿಂದ ಏಳುವಾಗ ಇಬ್ಬರೂ ಒಂದೇ ರೀತಿ ಏಳುತ್ತಿದ್ದರು. ಮೊದಲು ಮುಂದಿನ ಭಾಗ ಎದ್ದು, ಹಿಂದಿನ ಭಾಗಕ್ಕೆ ಸ್ವಲ್ಪ ಕಾದು, ಆಮೇಲೆ ಒಂದು ನರಳು. ಯಾವ ನರಳು ಯಾರದೆಂದು ಕಂಡಕ್ಟರು ಕಣ್ಣು ಮುಚ್ಚಿ ಹೇಳಬಲ್ಲೆ ಎನ್ನುತ್ತಿದ್ದ. ಈ ಕಂಡಕ್ಟರು ಬೆಸಗರಹಳ್ಳಿಯವನು, ಕಡ್ಡಿಯಂಥ ಮನುಷ್ಯ. ಹೇಳಿದ್ದೆಲ್ಲ ತಪ್ಪಾಗುತ್ತಿತ್ತು.

ಸಾಬರ ಸೊಂಟಕ್ಕೆ ಯಾರೋ ಬಿಳಿ ಮಾತ್ರೆಗಳನ್ನು ಕೊಟ್ಟಿದ್ದರು. ಬೆಳಿಗ್ಗೆ ಒಂದು ಮಾತ್ರೆಯನ್ನು ಹಲ್ಲಿನಿಂದ ಕಡಿದು ಅರ್ಧ ತಾವು ನುಂಗಿ, ಉಳಿದರ್ಧವನ್ನು ಬೆಲ್ಲದ ಚೂರಿನಲ್ಲಿ ಒತ್ತಿ ಮೋತಿಗೆ ಕೊಡುವರು.

"ನಾಯಿಗೂ ಮಾತ್ರೆ ಕೊಡ್ತಾರಾ ಸಾಬ್ರೇ?" ಎಂದು ನಾನು ಒಮ್ಮೆ ಕೇಳಿದೆ.

"ಗಾಡಿ ಒಂದೇ, ರಸ್ತೆ ಒಂದೇ, ಗುಂಡಿ ಒಂದೇ. ನೋವೂ ಒಂದೇಯಾ. ಮಾತ್ರೆ ಮಾತ್ರ ಯಾಕ್ ಬ್ಯಾರೆ ಆಗ್ಬೇಕು?"

ನಿಜ ಹೇಳಬೇಕೆಂದರೆ ಮಾತ್ರೆ ಕೆಲಸ ಮಾಡಿತು. ವಾರ ಕಳೆಯುವಷ್ಟರಲ್ಲಿ ಮೋತಿ ಬಸ್ಸಿನ ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಹತ್ತತೊಡಗಿತು. ಗೆಜ್ಜಲಗೆರೆಯ ಹತ್ತಿರ ಒಂದು ಮೊಲವನ್ನು ಅಟ್ಟಿಸಿಕೊಂಡು ಹೋಯಿತು. ಮೊಲ ಸಿಗಲಿಲ್ಲ, ಆದರೆ ಮೊಲಕ್ಕೂ ಆಶ್ಚರ್ಯವಾಯಿತು. ಸಾಬರು ಸ್ಟೇರಿಂಗು ಬಿಟ್ಟು ಚಪ್ಪಾಳೆ ತಟ್ಟಿದರು.

ಅದೇ ಕಾಲಕ್ಕೆ ಮೋತಿಯ ಹೊರಕಡೆ, ಅಂದರೆ ಮಲ, ಕಪ್ಪಗೆ ಬರತೊಡಗಿತ್ತು. ಕಪ್ಪು ಎಂದರೆ ಟಾರಿನ ಕಪ್ಪು. ಬೇರೆ ಊರಿನ ಬೇರೆ ನಾಯಿಯಾಗಿದ್ದರೆ ಯಾರಾದರೂ ಗಾಬರಿಯಾಗುತ್ತಿದ್ದರು. ನಾವು ನಕ್ಕೆವು. ಮೂಟೆಗಟ್ಟಲೆ ಇದ್ದಿಲು ನೆಕ್ಕುವ ನಾಯಿಗೆ ಇನ್ಯಾವ ಬಣ್ಣ ಬರಬೇಕು? "ಬಸ್ಸೂ ಕರ್ರಗೆ ಬುಡ್ತದೆ, ನಾಯೂ ಕರ್ರಗೆ ಬುಡ್ತದೆ. ಒಂದೇ ಕಂಪ್ನಿ ಮಾಲು" ಎಂದ ಕಂಡಕ್ಟರು. ಸಾಬರು ಇನ್ನೂ ಮುಂದೆ ಹೋಗಿ, ಇದ್ದಿಲು ಹೊಟ್ಟೆಗೆ ಒಳ್ಳೆಯದು, ಕಸವನ್ನೆಲ್ಲ ಎಳೆದುಕೊಂಡು ಬರುತ್ತದೆ ಎಂದು ಪ್ಯಾಸೆಂಜರುಗಳಿಗೆ ಪಾಠ ಹೇಳಿದರು. ಮೋತಿ ದಿನದಿನಕ್ಕೆ ಸಣ್ಣಗಾಗುತ್ತಿತ್ತು. ಅದು ಮೊಲ ಅಟ್ಟಿಸಿಕೊಂಡು ಹೋದ ಫಲ ಎಂದುಕೊಂಡೆವು.

ಒಂದು ಬೆಳಿಗ್ಗೆ ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ ಮೋತಿ ನಾಲ್ಕು ಕಾಲನ್ನೂ ಅಗಲಿಸಿ ನಿಂತು ವಾಂತಿ ಮಾಡಿತು. ಸೋಸಿ ಎಸೆದ ಕಾಫಿ ಚರಟದಂತಿತ್ತು. ಆಮೇಲೆ ಅದರಲ್ಲೇ ಕುಸಿದು ಕೂತಿತು. ಅಂದು ಬಸ್ಸು ಮಳವಳ್ಳಿಗೆ ಹೋಗಲಿಲ್ಲ, ನಾನು ಸ್ಕೂಲಿಗೆ ಹೋಗಲಿಲ್ಲ. ಎರಡನೆಯದರ ಬಗ್ಗೆ ನನಗೆ ಅಷ್ಟೇನೂ ದುಃಖವಿರಲಿಲ್ಲ, ಮೊದಲನೆಯದಕ್ಕೆ ಹೊಣೆ ನಾನಲ್ಲ. ಸಾಬರು ನಾಯಿಯನ್ನು ಮಗುವಿನಂತೆ ಎತ್ತಿಕೊಂಡು ದನದ ಡಾಕ್ಟರ ಹತ್ತಿರ ಓಡಿದರು. ಸೊಂಟ ಹಿಡಿದ ಮನುಷ್ಯ ಹಾಗೆ ಓಡಿದ್ದನ್ನು ನಾನು ಮತ್ತೆ ನೋಡಿಲ್ಲ.

ಡಾಕ್ಟರು ಬೆಂಗಳೂರಿನ ಕಡೆಯವರು, ಮೆತ್ತಗೆ ಮಾತಾಡುವವರು. ಹೊಟ್ಟೆ ಒತ್ತಿ ನೋಡಿದರು, ವಸಡು ಎತ್ತಿ ನೋಡಿದರು. ವಸಡು ಸುಣ್ಣದಂತೆ ಬೆಳ್ಳಗಿತ್ತು.

"ಮಲ ಯಾವ ಬಣ್ಣ?"

"ಕಪ್ಪು ಸ್ವಾಮಿ. ಅದು ಇದ್ದಿಲು" ಎಂದರು ಸಾಬರು.

"ಇದ್ದಿಲಲ್ಲ ಸಾಹೇಬರೇ. ರಕ್ತ. ಹೊಟ್ಟೆ ಒಳಗೆ ಹುಣ್ಣಾಗಿದೆ. ರಕ್ತ ಅಲ್ಲೇ ಸುರಿದು ಕೆಳಗೆ ಬರೋ ಹೊತ್ತಿಗೆ ಕಪ್ಪಾಗುತ್ತೆ. ಇದಕ್ಕೆ ಏನಾದರೂ ಔಷಧಿ ಕೊಡ್ತಿದ್ರಾ?"

ಸಾಬರು ಜೇಬಿನಿಂದ ಮಾತ್ರೆಯ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರು ಮೂಸಿ ನೋಡಿ, ಒಂದು ಚೂರು ನಾಲಿಗೆಗೆ ತಾಗಿಸಿ, ಪೊಟ್ಟಣವನ್ನು ಮಡಿಸಿ ಪಕ್ಕಕ್ಕಿಟ್ಟರು. "ಇದು ಮನುಷ್ಯರ ಹೊಟ್ಟೆಯನ್ನೇ ಕೊರೆಯುತ್ತೆ. ನಾಯಿ ಹೊಟ್ಟೆ ಎಷ್ಟು ತಡೆದೀತು?"

ನಾನು ಏನೋ ತಮಾಷೆ ಹೇಳಬೇಕೆಂದು ಬಾಯಿ ತೆರೆದೆ. ಸಾಬರ ಮುಖ ನೋಡಿ ಮುಚ್ಚಿಕೊಂಡೆ. ಅವರು ಪೊಟ್ಟಣವನ್ನೇ ನೋಡುತ್ತ, "ನೋವ್ ಓಗ್ಲಿ ಅಂತ ಕೊಟ್ಟೆ ಸ್ವಾಮಿ" ಎಂದರು. ಡಾಕ್ಟರು, "ಗೊತ್ತು. ಓಡಾಡ್ತಿತ್ತಲ್ಲ, ಅಷ್ಟು ದಿನ ನೋವು ಹೋಗಿತ್ತು" ಎಂದರು.

ಪೊಟ್ಟಣ ಅಲ್ಲೇ ಉಳಿಯಿತು. ಅಂದಿನಿಂದ ಸಾಬರು ತಾವೂ ಮಾತ್ರೆ ನುಂಗಲಿಲ್ಲ. "ನಿಮ್ಗೇನಾಗದೆ, ನೀವ್ ತಗಳಿ" ಎಂದು ಕಂಡಕ್ಟರು ಗೋಗರೆದ. "ಅದುಕ್ಕಿಲ್ದಿದ್ದು ನಂಗ್ಯಾಕ್ಲಾ" ಎಂದು, ಸೊಂಟಕ್ಕೆ ಹೆಂಡತಿಯ ಹಳೇ ದುಪ್ಪಟ್ಟಾ ಬಿಗಿದು ಕಟ್ಟಿಕೊಂಡು ಗಾಡಿ ಓಡಿಸಿದರು. ಗುಂಡಿ ಬಂದಾಗಲೆಲ್ಲ ಹಲ್ಲು ಕಚ್ಚುವ ಸದ್ದು ಹಿಂದಿನ ಸೀಟಿಗೂ ಕೇಳಿಸುತ್ತಿತ್ತು.

ಆಮೇಲೆ ಶುರುವಾಯಿತು ನೋಡಿ ಔಷಧಿಗಳ ಮೆರವಣಿಗೆ.

ಮೊದಲು ಬಂದದ್ದು ಒಂದು ಬಿಳಿ ಪುಡಿ, ಹೊಟ್ಟೆಯ ಹುಳಿ ಇಳಿಸುವುದಕ್ಕೆ. ಹುಳಿಯ ಜೊತೆ ಮಿಕ್ಕಿದ್ದನ್ನೂ ಇಳಿಸಿತು. ಮೋತಿ ಮರ್ಯಾದಸ್ಥ ನಾಯಿ. ಅವಸರವಾದಾಗ ಮುಂದೆ ಬಂದು ಸಾಬರ ಮೊಣಕಾಲಿನ ಮೇಲೆ ಪಂಜ ಇಡುತ್ತಿತ್ತು. ಇಟ್ಟ ಕ್ಷಣ ಬಸ್ಸು ನಿಲ್ಲಬೇಕು, ಅದು ಶಿಂಷಾ ಸೇತುವೆಯ ನಟ್ಟನಡುವೆಯಾದರೂ ಸರಿ. ಆ ವಾರ ಮೂರು ತಾಲ್ಲೂಕಿನ ಜನ ಎಷ್ಟು ಹೊತ್ತಿಗೆ ಮನೆ ಸೇರಬೇಕೆಂಬುದನ್ನು ಒಂದು ನಾಯಿಯ ಕರುಳು ತೀರ್ಮಾನಿಸುತ್ತಿತ್ತು. ಪ್ಯಾಸೆಂಜರುಗಳು ಮೊದಲು ಗೊಣಗಿದರು. ಆಮೇಲೆ ತಾವೂ ಒಬ್ಬೊಬ್ಬರೇ ಇಳಿದು ಬೇಲಿಯ ಮರೆಗೆ ಹೋಗಿ ಬರತೊಡಗಿದರು. ಮಳವಳ್ಳಿ ದಾರಿಯ ದೊಡ್ಡಿ ಎಂಬ ಊರಿನಲ್ಲಿ ಹತ್ತುವ ಒಬ್ಬ ಮುದುಕ ಸಾಬರ ಕೈ ಹಿಡಿದುಕೊಂಡು, "ಇಷ್ಟ್ ವರ್ಸ್‌ದಲ್ಲಿ ಇದೇ ಮೊದ್ಲು ಕಣಪ್ಪ ನಾನು ನೆಮ್ಮದಿಯಾಗಿ ಬಸ್ನಲ್ ಬಂದಿದ್ದು" ಎಂದ.

ಅದನ್ನು ತಡೆಯಲು ಡಾಕ್ಟರು ಸೀಮೆಸುಣ್ಣದ ಪುಡಿ ಕೊಟ್ಟರು. ಅದು ತಡೆದದ್ದು ಎಂಥ ತಡೆ ಎಂದರೆ ಕನ್ನಂಬಾಡಿ ಕಟ್ಟೆಯ ಇಂಜಿನಿಯರುಗಳು ಬಂದು ನೋಡಬೇಕಿತ್ತು. ಈಗ ಬಸ್ಸು ಹೊರಡುವ ಮುಂಚೆ ಪ್ಯಾಸೆಂಜರುಗಳೇ ಕೇಳುವರು, "ಆಯ್ತಾ ಸಾಬ್ರೇ?" ಸಾಬರು ತಲೆ ಅಲ್ಲಾಡಿಸುವರು. ಇಡೀ ಬಸ್ಸು ನಿಟ್ಟುಸಿರು ಬಿಡುವುದು.

ಮೂರನೆಯದು ಹೊಟ್ಟೆ ಹಿಂಡುವುದನ್ನು ನಿಲ್ಲಿಸುವ ತೊಟ್ಟು ಔಷಧಿ. ಅದು ಹೊಟ್ಟೆ ಬಿಟ್ಟು ಮೋತಿಯ ಕಣ್ಣಿಗೆ ಏರಿತು. ಕಣ್ಣಿನ ಕಪ್ಪು ಅಗಲವಾಗಿ ಇಡೀ ಕಣ್ಣೇ ನೇರಳೆಹಣ್ಣಿನಂತಾಯಿತು. ಬಾಯಿ ಒಣಗಿ ನಾಲಿಗೆ ಚಪ್ಪಲಿಯ ಅಟ್ಟೆಯಂತಾಯಿತು. ಬಿಸಿಲು ಕಂಡರೆ ಸೀಟಿನ ಕೆಳಗೆ ನುಗ್ಗುತ್ತಿತ್ತು, ಮೈಲಿಗಲ್ಲು ಕಂಡರೆ ಯಾರೋ ಕೂತಿದ್ದಾರೆಂದು ಬೊಗಳುತ್ತಿತ್ತು. ಸಾಬರ ಹತ್ತಿರ ಧೂಳಿಗೆಂದು ಹಾಕಿಕೊಳ್ಳುವ ಒಂದು ಕಪ್ಪು ಕನ್ನಡಕವಿತ್ತು. ಅದನ್ನು ದಾರದಿಂದ ಮೋತಿಯ ಕಿವಿಗೆ ಕಟ್ಟಿದರು. ಮುಂದಿನ ಸೀಟಿನಲ್ಲಿ ಕನ್ನಡಕ ಹಾಕಿ ನೆಟ್ಟಗೆ ಕೂತು ಮೋತಿ ಮಂಡ್ಯ ಪೇಟೆ ಪ್ರವೇಶಿಸಿದಾಗ ವೃತ್ತದಲ್ಲಿದ್ದ ಪೊಲೀಸಿನವನು ಬೂಟು ಜೋಡಿಸಿ ಸೆಲ್ಯೂಟ್ ಹೊಡೆದ. ಹೊಡೆದದ್ದು ಹಿಂದಿನ ಸೀಟಿನಲ್ಲಿದ್ದ ಅಮಲ್ದಾರರಿಗೆ ಎಂದು ಕಂಡಕ್ಟರು ಇವತ್ತಿಗೂ ವಾದಿಸುತ್ತಾನೆ. ಅವನು ಹೇಳಿದ್ದೆಲ್ಲ ತಪ್ಪು ಎಂದು ಆಗಲೇ ಹೇಳಿದ್ದೇನೆ.

ಕೊನೆಗೆ ಎಲ್ಲ ಬಿಟ್ಟು ಡಾಕ್ಟರು ಒಂದೇ ಪುಡಿಗೆ ಬಂದರು. ಹುಣ್ಣಿನ ಮೇಲೆ ಲೇಪದಂತೆ ಕೂರುತ್ತದೆ, ಜೊತೆಗೆ ಹಾಲು ಬೆರೆಸಿದ ಅಕ್ಕಿ ಗಂಜಿ, ಸ್ವಲ್ಪ ಸ್ವಲ್ಪವೇ, ಹೊಟ್ಟೆ ಖಾಲಿ ಇರದಂತೆ ಮತ್ತೆ ಮತ್ತೆ ಎಂದರು. ಅಕ್ಕಿ ಎಲ್ಲರಿಗೂ ರೇಷನ್ನಿನಲ್ಲಿ ಹಿಡಿ ಹಿಡಿ ಸಿಗುತ್ತಿದ್ದ ಕಾಲ. ಸಾಬರು ಮನೆಯಲ್ಲಿ ತಾವು ರಾಗಿಗೆ ಇಳಿದು ತಮ್ಮ ಪಾಲಿನ ಅಕ್ಕಿಯನ್ನು ಮೋತಿಗೆ ಬಿಟ್ಟರು. ಇದ್ದಿಲು ಬಸ್ಸು ಹೇಗಿದ್ದರೂ ಊರೂರಿಗೆ ನಿಂತು ಬೆಂಕಿ ಕೆದಕಿಸಿಕೊಳ್ಳಬೇಕು. ನಿಂತ ಕಡೆ ಕಂಡಕ್ಟರು ಬೆಂಕಿ ಕೆದಕುವನು, ಸಾಬರು ರಬ್ಬರ್ ಬುರುಡೆಯ ಹಾರನ್ನನ್ನು ಪೋಂ ಎಂದು ಒಮ್ಮೆ ಹಿಂಡಿ ಮೋತಿಗೆ ನಾಲ್ಕು ಚಮಚ ಗಂಜಿ ಕುಡಿಸುವರು.

"ಬಾಣಂತಿಗೂ ಈ ಪತ್ಯ ಯಾರೂ ಮಾಡಕಿಲ್ಲ ಬುಡಿ" ಎಂದು ಹೆಂಗಸರು ಅಣಕಿಸುತ್ತಿದ್ದರು. ಅದೇ ಹೆಂಗಸರು ಮಾರನೆಯ ದಿನ ಸೆರಗಿನಲ್ಲಿ ಮುಚ್ಚಿಕೊಂಡು ಗಿಂಡಿ ಹಾಲು ತಂದುಕೊಡುವರು.

ಮೋತಿ ತಿನ್ನುತ್ತಿತ್ತು, ಆದರೆ ಮೈ ತುಂಬುತ್ತಿರಲಿಲ್ಲ. ಹೊರಕಡೆ ಇನ್ನೂ ಕಪ್ಪು. ಡಾಕ್ಟರು ತಲೆ ಕೆರೆದುಕೊಂಡರು. ತೊಡಕು ಇದು: ರಕ್ತ ಹರಿದರೆ ಕಪ್ಪು, ಇದ್ದಿಲು ನೆಕ್ಕಿದರೆ ಕಪ್ಪು, ಅವರು ಕೊಡುತ್ತಿದ್ದ ಆ ಪುಡಿಗೂ ಕಪ್ಪು ಮಾಡುವ ಗುಣವಿತ್ತು. ಮೂರು ಕಪ್ಪಿನಲ್ಲಿ ಯಾವ ಕಪ್ಪು ಎಂದು ಹೇಳುವುದು ಹೇಗೆ?

"ಪುಡಿ ನಿಲ್ಲಿಸಿ" ಎಂದರು ಡಾಕ್ಟರು. "ಇದ್ದಿಲಿನ ಹತ್ತಿರ ಬಿಡಬೇಡಿ. ಬರೀ ಹಾಲು ಗಂಜಿ. ಮೊದಲು ಒಳಗಿರೋ ಹಳೇದೆಲ್ಲ ಹೋಗಲಿ. ಆಮೇಲೂ ಕಪ್ಪೇ ಬಂದರೆ ಹುಣ್ಣು ಇನ್ನೂ ಒಸರ್ತಿದೆ ಅಂತ ಅರ್ಥ. ಈ ವಯಸ್ಸಿಗೆ ಅದನ್ನ ನರಳಿಸಬಾರದು ಸಾಹೇಬರೇ. ನನ್ನ ಹತ್ತಿರ ತನ್ನಿ. ಒಂದು ಸೂಜಿ, ನಿದ್ದೆ ಬಂದ ಹಾಗೆ ಹೋಗುತ್ತೆ."

ಮದ್ದೂರಿಗೆ ವಾಪಸು ಬರುವವರೆಗೆ ಸಾಬರು ಒಮ್ಮೆಯೂ ಕನ್ನಡಿ ನೋಡಲಿಲ್ಲ.

ಈಗ ಮೋತಿಯನ್ನು ಇದ್ದಿಲಿಲ್ಲದ ಕಡೆ ಇಡಬೇಕು. ಬಸ್ಸು ಆಗದು. ಸಾಬರ ಮನೆ ಅಂಗಳದಲ್ಲಿ ಬಸ್ಸಿನ ಮೂಟೆಗಳೇ ರಾಶಿ ಬಿದ್ದಿದ್ದವು, ಒಳಗೆ ನಮಾಜಿನ ಜಾಗ. ಪಕ್ಕದ ಮನೆ ನಮ್ಮದು. ಹಿತ್ತಲಿನಲ್ಲಿ ಹುಲ್ಲಿನ ಕೊಟ್ಟಿಗೆ, ಒಣ ಹುಲ್ಲು, ಬೆಚ್ಚಗಿನ ಜಾಗ. ನಾನು ಎದೆ ಉಬ್ಬಿಸಿ, "ನಮ್ಮನೇಲಿರ್ಲಿ ಬುಡಿ" ಎಂದೆ.

"ನಿಮ್ಮಪ್ಪ?" ಎಂದರು ಸಾಬರು.

ಅದು ಸರಿಯಾದ ಪ್ರಶ್ನೆ. ನಮ್ಮಪ್ಪ ಆರಡಿ ಎತ್ತರದ ಗೌಡರು, ಕೊಬ್ಬಿದ ಹೋರಿಯ ಕೊಂಬು ಹಿಡಿದು ಮಣಿಸುವವರು. ಆದರೆ ಹುಡುಗರಾಗಿದ್ದಾಗ ಹುಚ್ಚುನಾಯಿ ಕಚ್ಚಿ, ದೂರದ ಆಸ್ಪತ್ರೆಯಲ್ಲಿ ಹೊಕ್ಕುಳ ಸುತ್ತ ಸೂಜಿ ಚುಚ್ಚಿಸಿಕೊಂಡಿದ್ದರು. ಅಲ್ಲಿಂದೀಚೆಗೆ ನಾಯಿಮರಿ ಕಂಡರೂ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. ಮೋತಿ ಇದೆಯೆಂದು ಸಾಬರ ಬಸ್ಸನ್ನೇ ಹತ್ತಿದವರಲ್ಲ, ಮಂಡ್ಯಕ್ಕೆ ರೈಲಿನಲ್ಲಿ ಹೋಗುತ್ತಿದ್ದರು. ನಮ್ಮ ಹೊಸಲಿನೊಳಗೆ ನಾಯಿ ಬಂದರೆ ನಾನು ಹೊಸಲಿನ ಹೊರಗೆ ಎಂದು ಎಂದೋ ತೀರ್ಪಾಗಿತ್ತು.

"ಅಪ್ಪ ಎತ್ತು ನೋಡಕ್ಕೆ ಮಳವಳ್ಳಿ ಕಡೆ ಓಗವ್ರೆ. ಜೋಡಿ ಸಿಕ್ಕೋತನ್ಕ ಬರಕಿಲ್ಲ" ಎಂದೆ. ಅವ್ವನಿಗೆ ಹೇಳಿದಾಗ ಅವಳು ಸೌದೆ ಒಲೆಯ ಕಡೆ ತಿರುಗಿಕೊಂಡು, "ನಾನೇನೂ ನೋಡ್ನಿಲ್ಲ, ನಂಗೇನೂ ಗೊತ್ತಿಲ್ಲ. ಗಂಜಿಗೆ ಉಪ್ ಆಕ್ಬೇಕಾ ಬ್ಯಾಡ್ವಾ?" ಎಂದಳು.

ಮೋತಿ ಬಂತು. ಬಂದು, ಗಂಜಿಯ ಕಡೆ ಮುಖ ಮಾಡದೆ ಮಲಗಿತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದು ತೊಟ್ಟು ನೆಕ್ಕಲಿಲ್ಲ. ಪುಸಲಾಯಿಸಿದೆ, ಹಾಡಿದೆ, ನಾನೇ ನೆಕ್ಕಿ ತೋರಿಸಿದೆ. ಹೊಟ್ಟೆ ಖಾಲಿ ಬಿಡಬಾರದೆಂದು ಡಾಕ್ಟರು ಹೇಳಿದ್ದರು. ಸಂಜೆ ಸಾಬರು ಬಂದವರೇ ನೋಡಿ, ನೆಲದ ಮೇಲೆ ಕುಕ್ಕರಿಸಿ, "ಅದುಕ್ಕೆ ಬಸ್ ನಿಂತ್ರೇನೇ ಊಟ. ಇಲ್ಲಿ ಬಸ್ ಎಲ್ಲಿ ನಿಂತದೆ?" ಎಂದರು. ಹಾಗೇ ಎದ್ದುಹೋದರು. ಬಸ್ಸಿನ ಹಾರನ್ನನ್ನು ಬುಡಸಮೇತ ಬಿಚ್ಚಿ ತಂದು ನನ್ನ ಕೈಗಿಟ್ಟರು.

"ನಿಮ್ಗೆ?"

"ನಂಗ್ ಬಾಯದಲ್ಲ."

ಆ ವಾರವೆಲ್ಲ ಮಂಡ್ಯ ರಸ್ತೆಯಲ್ಲಿ ಇದ್ದಿಲು ಬಸ್ಸು ಬಂದರೆ ಮೊದಲು ಒಬ್ಬ ಮುದುಕ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಎತ್ತಿನ್ ಗಾಡಿ, ವಸಿ ಸರ್ಕಳಪ್ಪೋ" ಎಂದು ಕೂಗುವುದು ಕೇಳುತ್ತಿತ್ತು.

ನಾನು ಸ್ಕೂಲಿಗೆ ಜ್ವರದ ಸುದ್ದಿ ಕಳಿಸಿ ಹುಲ್ಲಿನ ಕೊಟ್ಟಿಗೆಯಲ್ಲಿ ಬಸ್ಸು ಹೊರಡಿಸಿದೆ. ಮೋತಿ ಸಾಮಾನ್ಯಕ್ಕೆ ಮೋಸ ಹೋಗುವ ನಾಯಿಯಲ್ಲ. ಮೊದಲು ಮುರುಕು ಗಾಡಿಚಕ್ರ ತಿರುಗಿಸಿ ಬೀಸಣಿಗೆಯ ಸದ್ದು ಮಾಡಬೇಕು. ಆಮೇಲೆ ಇಂಜಿನ್ನಿನಂತೆ ಕೆಮ್ಮಬೇಕು. ಗುಂಡಿ ಬಂದಂತೆ ಮೈ ಕುಲುಕಬೇಕು. ಎರಡು ಮಾತಿನ ಜಗಳ ಆಡಬೇಕು, ಏಕೆಂದರೆ ಜಗಳವಿಲ್ಲದ ಬಸ್ಸನ್ನು ಅದು ನೋಡಿಯೇ ಇರಲಿಲ್ಲ. ಆಮೇಲೆ "ಗೆಜ್ಜಲಗೆರೆ, ಯಾರ್ರೀ ಗೆಜ್ಜಲಗೆರೆ" ಎಂದು ಕೂಗಿ, ಪೋಂ ಎಂದು ಒತ್ತಿದರೆ ಮೋತಿ ತಲೆ ಎತ್ತಿ ಬಾಯಿ ತೆರೆಯುತ್ತಿತ್ತು. ನಾಲ್ಕು ಚಮಚ. ಮತ್ತೆ ಚಕ್ರ, ಕೆಮ್ಮು, ಜಗಳ, ಮುಂದಿನ ಊರು. ಗೆಜ್ಜಲಗೆರೆಯಲ್ಲಿ ಕುಡಿದದ್ದು ದೊಡ್ಡಿಯಲ್ಲಿ ಇನ್ನೂ ಸ್ವಲ್ಪ ಚೆನ್ನಾಗಿ ಇಳಿಯುತ್ತಿತ್ತು. ಮಳವಳ್ಳಿ ತಲುಪಿದಾಗ ನನ್ನ ಗಂಟಲು ಹೋಗಿರುತ್ತಿತ್ತು. ಒಂದು ಮಧ್ಯಾಹ್ನ ಬೀದಿಯ ಕೊನೆಯ ಮನೆಯ ಅಜ್ಜಿ ಗಂಟುಮೂಟೆ ಸಮೇತ ಹಿತ್ತಲಿಗೆ ಬಂದು, "ಮಳವಳ್ಳಿಗ್ ಜಾಗ ಅದಾ ಮಗ?" ಎಂದಳು. ಇಲ್ಲ ಎಂದು ಕಳಿಸುವಷ್ಟು ಹೊತ್ತಿಗೆ ನನಗೂ ಬಸ್ಸು ಭರ್ತಿಯಾಗಿದೆ ಎನ್ನಿಸುತ್ತಿತ್ತು.

ತಿನ್ನುವುದು ತಿಂದಿತು. ಆದರೆ ಹೊರಗೆ ಬರಬೇಕಾದದ್ದು ಬರಲಿಲ್ಲ. ಕೊಟ್ಟಿಗೆಗೆ ಬಂದಮೇಲೆ ಒಂದು ಸಲ ಹಳೆಯ ಕಪ್ಪು ಬಂತು, ಅದು ಲೆಕ್ಕಕ್ಕಿಲ್ಲ ಎಂದು ಡಾಕ್ಟರೇ ಹೇಳಿದ್ದರು. ಆಮೇಲೆ ಏನೂ ಇಲ್ಲ. ಸಾಬರು ಬೆಳಿಗ್ಗೆ ಬಸ್ಸಿಗೆ ಹೋಗುವ ಮುಂಚೆ ಗೋಡೆಯ ಆಚೆಯಿಂದ, "ಬಂತಾ?" ಎನ್ನುವರು. ನಾನು ಈಚೆಯಿಂದ, "ಇನ್ನೂ ಇಲ್ಲ" ಎನ್ನುವೆ. ಸಂಜೆ ಮತ್ತೆ, "ಬಂತಾ?" ಸಾಬರ ಮನೆಗೆ ಏನೋ ತಂತಿ ಬರುವುದಿದೆಯೆಂದು ಬೀದಿಯಲ್ಲೆಲ್ಲ ಮಾತಾಯಿತು. ದಿನ ಹೋದಂತೆ ಅವರ ದನಿ ಸಣ್ಣಗಾಗುತ್ತಾ ಬಂತು. ಬರಲಿ ಎಂದು ಕೇಳುತ್ತಿದ್ದಾರೋ, ಬರದಿರಲಿ ಎಂದು ಕೇಳುತ್ತಿದ್ದಾರೋ ನನಗೆ ತಿಳಿಯದಾಯಿತು. ಬರದಿದ್ದಷ್ಟು ದಿನ ಡಾಕ್ಟರ ಸೂಜಿಯೂ ದೂರ ಅಲ್ಲವೇ.

ಆ ದಿನ ಬೆಳ್ಳಂಬೆಳಿಗ್ಗೆ ಸಾಬರು ಗೋಡೆಯ ಆಚೆ ನಿಲ್ಲದೆ ಒಳಗೇ ಬಂದರು. ಮೋತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹುಲ್ಲಿನಲ್ಲಿ ಕೂತರು. ನಾನು ಬಸ್ಸು ಹೊರಡಿಸಿ ಗೆಜ್ಜಲಗೆರೆಯ ಹಾರನ್ನು ಒತ್ತಿದ್ದೆ, ಗಂಜಿ ಕಲಸುತ್ತಿದ್ದೆ.

"ಇವತ್ತೂ ಬರ್ದಿದ್ರೆ ಡಾಕ್ಟ್ರುತಾವ ಓಯ್ತೀನಿ" ಎಂದರು. "ಎಷ್ಟ್ ದಿನಾ ಅಂತ ನಿಂಗ್ ಜ್ವರ ಬರ್ತದೆ?"

ಅದೇ ಹೊತ್ತಿಗೆ ಬಾಗಿಲು ಕತ್ತಲಾಯಿತು. ಅಪ್ಪ.

ಜೋಡಿ ಎತ್ತು ಸಿಕ್ಕಿತ್ತಂತೆ. ತಂಪು ಹೊತ್ತಿನಲ್ಲಿ ನಡೆಸಿಕೊಂಡು ಬಂದು, ಮುಂಬಾಗಿಲಲ್ಲಿ ಕಟ್ಟಿ, ಕಾಲು ತೊಳೆದು, ಎತ್ತಿಗೆ ಹುಲ್ಲು ಒಯ್ಯಲು ಬರಿಗಾಲಿನಲ್ಲಿ ಹಿತ್ತಲಿಗೆ ಬಂದಿದ್ದರು. "ನಮ್ ಕೊಟ್ಗೇಲಿ ಯಾವನ್ಲಾ ಬಸ್ ನಿಲ್ಸಿರೋನು?" ಎಂದು ಕೇಳುತ್ತಲೇ ಹೊಸಲು ದಾಟಿ ಒಳಗೊಂದು ಹೆಜ್ಜೆ ಇಟ್ಟರು. ಇಟ್ಟವರು ಅಲ್ಲೇ ನಿಂತರು. ಅವರ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಬಂದಿತ್ತು. ಬಾಗಿಲ ಮಗ್ಗುಲಿಗೇ, ಯಾವಾಗಲೋ ಎದ್ದುಹೋಗಿ, ಮರ್ಯಾದೆಯಿಂದ ಮೂಲೆ ಹುಡುಕಿ ಮಾಡಿಟ್ಟು ಬಂದು ಮಲಗಿತ್ತು. ಅಪ್ಪ ಅದರ ಮೇಲೆ ನಿಂತಿದ್ದರು.

"ಗೌಡ್ರೇ" ಎಂದರು ಸಾಬರು, ಬಹಳ ಮೆಲ್ಲಗೆ. "ಅಲ್ಲಾಡ್ಬ್ಯಾಡಿ."

ಅಪ್ಪನಿಗೆ ಆಗಲೇ ಮೋತಿ ಕಂಡಿತ್ತು. ಅಲ್ಲಾಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಬೆನ್ನನ್ನು ಬಾಗಿಲ ಕಂಬಕ್ಕೆ ಅಂಟಿಸಿ, "ನಾಯಿ" ಎಂದರು.

"ಏನೂ ಮಾಡಕಿಲ್ಲ. ವಸಿ ಕಾಲೆತ್ತಿ."

ಹೋರಿ ಮಣಿಸುವ ಗೌಡರು ಕಾಲೆತ್ತಿದರು. ಸಾಬರು ಸೊಂಟದ ನೋವನ್ನೂ ಮರೆತು ತೆವಳಿಕೊಂಡು ಹೋಗಿ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕೊಟ್ಟಿಗೆಯೊಳಗೆ ಬೆಳಕು ಮಸುಕಾಗಿತ್ತು. ಬಣ್ಣ ಅವರಿಗೆ ಕಾಣಲಿಲ್ಲ. ನನಗೂ ಕಾಣಲಿಲ್ಲ.

"ಏನ್ಲಾ ಇದು?" ಎಂದು ಅಪ್ಪ ನನ್ನನ್ನು ಕೇಳಿದರು. ದನಿ ಜೋರಾಗಿರಲಿಲ್ಲ. ನಾಯಿಗೆ ಕೇಳಿಸಬಾರದಿತ್ತು.

ಬದುಕಿನಲ್ಲಿ ಮೊದಲ ಬಾರಿಗೆ ನಾನು ಒಂದು ವಿಷಯವನ್ನು ಏನೂ ಸೇರಿಸದೆ ಹೇಳಿದೆ. "ಅದು ಕಪ್ಪಿದ್ರೆ ನಾಯಿಗೆ ಸೂಜಿ ಆಕ್ ಸಾಯ್ಸ್‌ಬೇಕು ಅಪ್ಪ. ಕಪ್ಪಿಲ್ದಿದ್ರೆ ಬದೀಕತ್ತದೆ."

ಅಪ್ಪ ಕೆಳಗೆ ಸಾಬರ ತಲೆಯನ್ನು ನೋಡಿದರು. ಹುಲ್ಲಿನಲ್ಲಿ ಮಲಗಿದ್ದ ಮೋತಿಯನ್ನು ನೋಡಿದರು. ಸೂಜಿ ಎಂದಾಗ ಅವರ ಕೈ ತಾನಾಗಿ ಹೊಕ್ಕುಳ ಮೇಲೆ ಹೋಗಿತ್ತು. "ಇಲ್ಲಿ ಏನ್ ಕಂಡಾತು. ಬೆಳಕ್ಗಿಡೀರಿ" ಎಂದು, ಕಂಬ ಹಿಡಿದುಕೊಂಡು, ಕುಂಟುತ್ತ ಹೊರಗೆ ತಿರುಗಿ, ಪಾದವನ್ನು ತಾವೇ ಬಿಸಿಲು ಬೀಳುವ ಕಡೆ ಚಾಚಿದರು.

ಬೆಲ್ಲದ ಬಣ್ಣ. ಹೊಸ ಬೆಲ್ಲದ ಬಣ್ಣ, ಮಂಡ್ಯ ಸಂತೆಯಲ್ಲಿ ಒಳ್ಳೆಯ ಬೆಲೆ ಬರುವಂಥದ್ದು.

ಸಾಬರು ಪಾದವನ್ನು ಬಿಡಲಿಲ್ಲ. ಅದರ ಮೇಲೆ ಬಗ್ಗಿ ಹಾಗೇ ಕೂತರು, ಹೆಗಲು ಕುಲುಕುತ್ತಿತ್ತು. ಗಡ್ಡದಿಂದ ಇದ್ದಿಲು ಕರಗಿ ಅಪ್ಪನ ಕಾಲಿನ ಮೇಲೆ ತೊಟ್ಟಿಕ್ಕಿತು. ಅಪ್ಪನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಅಳುವ ಗಂಡಸಿನ ಕೈಯಲ್ಲಿ ಒಂದು ಕಾಲು ಕೊಟ್ಟು, ಇನ್ನೊಂದು ಕಾಲಿನಲ್ಲಿ ನಿಂತು, ಆಕಾಶ ನೋಡಿದರು.

"ಕಪ್ಪಿಲ್ವಾ?"

"ಇಲ್ಲ ಗೌಡ್ರೇ."

"ಸರ್ಯಾಗ್ ನೋಡುದ್ರಾ? ಇಮ್ಮಡೀತಾವೂ ನೋಡಿ."

"ಎಲ್ಲೂ ಇಲ್ಲ ಗೌಡ್ರೇ."

"ಸರಿ ಮತ್ತೆ." ಅಪ್ಪ ಒಮ್ಮೆ ಉಸಿರೆಳೆದುಕೊಂಡರು. ಹುಲ್ಲಿನಲ್ಲಿ ಮೋತಿ ಎದ್ದು, ಮೊದಲು ಮುಂದಿನ ಭಾಗ, ಆಮೇಲೆ ಹಿಂದಿನದು, ಬಾಗಿಲ ಕಡೆ ಬರತೊಡಗಿತ್ತು. ಅದನ್ನು ಕಂಡು ಅಪ್ಪನ ದನಿ ಅದರ ಮೊದಲಿನ ಜಾಗಕ್ಕೆ ವಾಪಸಾಯಿತು. "ಸಾಬ್ರೇ, ನಾಯ್ನ ಎತ್ಕೊಂಡ್ ನಡೀರಿ, ಬಸ್ಗೆ ಒತ್ತಾಯ್ತು. ಲೇ, ನೀನು ಆ ಪೀಪಿ ಕೆಳುಗಿಟ್ಟು ಬಾವಿತಾವ್ಕ್ ನಡಿ. ನೀರ್ ಸೇದಿ ನನ್ ಕಾಲ್ ತೊಳಿ. ಆಮೇಲೆ ನಿನ್ ಜ್ವರ ನೋಡವಾ."